ಸೈಕಲ್‌ನವರು ರಸ್ತೆ ಅಂಚು ಬಿಟ್ಟು ಒಳಗೆ ಬರುವುದೇಕೆ?

ಬೆಂಗಳೂರಿನ ಯಾವುದಾದರೂ ರಸ್ತೆಯ ಎಡ ಅಂಚನ್ನು ಒಮ್ಮೆ ನೋಡಿ. ಮರಳು, ಜಲ್ಲಿ, ಮೋರಿಯ ಜಾಲರಿ, ಸಾಲದ್ದಕ್ಕೆ ಎದುರಿನಿಂದ ಬರುವ ಸ್ಕೂಟರ್! ಮರಳಿನ ಮೇಲೆ ಬ್ರೇಕ್ ಹಿಡಿದರೆ ಸೈಕಲ್ಲಿನ ತೆಳ್ಳನೆ ಟಯರ್ ಜಾರುತ್ತದೆ.

ಇದಕ್ಕಿಂತ ದೊಡ್ಡ ಭಯ ನಿಂತ ಕಾರಿನ ಬಾಗಿಲು. ನಮ್ಮಲ್ಲಿ ಡ್ರೈವರ್ ಕೂರುವುದು ಬಲಕ್ಕೆ ಅಲ್ವಾ? ಎಡಬದಿಗೆ ನಿಲ್ಲಿಸಿದ ಕಾರಿನಲ್ಲಿ ಆ ಬಾಗಿಲು ತೆರೆಯುವುದು ಸೈಕಲ್ ಬರುವ ದಾರಿಗೇ. ಒಮ್ಮೆ ಹಾಗೆ ತೆರೆದ ಬಾಗಿಲಿಗೆ ಹ್ಯಾಂಡಲ್ ತಗುಲಿ ನನ್ನ ಮೊಣಕೈ ತರಚಿತ್ತು. ಅಂದಿನಿಂದ ನಿಂತ ಕಾರಿನಿಂದ ಒಂದು ಮೀಟರ್ ದೂರ ಬಿಟ್ಟೇ ಹೋಗುತ್ತೇನೆ. ಹಿಂದಿನವರು ಹಾರ್ನ್ ಹೊಡೆದರೂ ಸರಿ.

ಕಾರಿನವರಿಗೆ ಸುಲಭ ಉಪಾಯ ಒಂದಿದೆ: ಬಲಬಾಗಿಲನ್ನು ಎಡಗೈಯಲ್ಲಿ ತೆರೆಯಿರಿ. ಮೈ ತಾನಾಗಿ ತಿರುಗುತ್ತದೆ, ಹಿಂದೆ ಯಾರಿದ್ದಾರೆಂದು ಕಾಣುತ್ತದೆ. 'ಡಚ್ ರೀಚ್' ಎಂಬ ಈ ರೂಢಿಯನ್ನು ಬ್ರಿಟನ್ 2022ರಲ್ಲಿ ತನ್ನ ರಸ್ತೆ ನಿಯಮಗಳ ಪುಸ್ತಕವಾದ ಹೈವೇ ಕೋಡ್‌ಗೆ ಸೇರಿಸಿತು. ಸೈಕಲನ್ನು ಹಿಂದಿಕ್ಕುವಾಗ ಕನಿಷ್ಠ 1.5 ಮೀಟರ್ ಅಂತರ ಬಿಡಿ ಎಂದೂ ಅದು ಹೇಳುತ್ತದೆ.

ಹಾಗಂತ ತಪ್ಪೆಲ್ಲ ಕಾರಿನವರದ್ದಲ್ಲ. ರಾತ್ರಿ ಹಿಂದೆ ಕೆಂಪು ದೀಪವಿಲ್ಲದೆ ಹೋಗುವ ನಮ್ಮವರೂ ಜಾಸ್ತಿ. ಸಿಗ್ನಲ್‌ನಲ್ಲಿ ನಿಂತ ಬಸ್ಸಿನ ಎಡಗಡೆ ಸುಮ್ನೆ ನುಗ್ಗಬೇಡಿ. ಅಲ್ಲಿ ನೀವು ಡ್ರೈವರ್ ಕಣ್ಣಿಗೆ ಬೀಳದೇ ಹೋಗಬಹುದು.