ಸಂಪಾದಕರ ಉತ್ತರ: ಗೆದ್ದವರ ಕೈಗೆ ಟ್ರೋಫಿ ಯಾವಾಗ ಸಿಗಬೇಕು?

ಷಾರ್ಲಟ್‌ನ ಓದುಗರಿಗೆ ನಮಸ್ಕಾರ.

ಕಳೆದ ಸಂಚಿಕೆಯಲ್ಲಿ ಅಮೆರಿಕದ ನ್ಯಾಸ್ಕಾರ್ ಕಾರ್ ರೇಸ್ ಬಗ್ಗೆ ನಾವು ಹಾಕಿದ್ದ ಲೇಖನ ಓದಿ ನೀವು ಬರೆದ ಪತ್ರ ತಲುಪಿತು. ಕೆಲಸಕ್ಕಾಗಿ ನಾರ್ತ್ ಕೆರೊಲಿನಾದಲ್ಲಿ ನೆಲೆಸಿರುವ ನಿಮ್ಮನ್ನು ಹಿರಿಯ ಸಹೋದ್ಯೋಗಿಯೊಬ್ಬರು ರೇಸ್ ನೋಡಲು ಕರೆದೊಯ್ದರಂತೆ. ಗಾಣದೆತ್ತಿನ ಹಾಗೆ ಎಡಕ್ಕೇ ಸುತ್ತುವ ಕಾರುಗಳನ್ನು ಗಂಟೆಗಟ್ಟಲೆ ನೋಡಿ ನಿಮಗೆ ಸಾಕಾಯಿತಂತೆ. ಮೂರನೇ ಸುತ್ತಿನಲ್ಲಿ ಆ ಸಹೋದ್ಯೋಗಿ ಎದ್ದು ನಿಂತು ಮೂರು ಬೆರಳು ಎತ್ತಿದ್ದು ಯಾಕೆ ಅಂತ ಕೇಳಿದ್ದೀರಿ. ಕೊನೆಗೆ ನೇರ ಪ್ರಶ್ನೆ: ಕಳ್ಳಭಟ್ಟಿ ದಂಧೆಯಲ್ಲಿ ಜೈಲಿಗೆ ಹೋದವರನ್ನೆಲ್ಲ ನ್ಯಾಸ್ಕಾರ್ ಸಾಧಕರ ಮ್ಯೂಸಿಯಂ ಆದ ಹಾಲ್ ಆಫ್ ಫೇಮ್‌ನಲ್ಲಿ ಕೂರಿಸಿ ಮೆರೆಸುವುದು ಯಾವ ನ್ಯಾಯ? ಅವರಿಗೆ ನಮ್ಮ ಪುಟ ಯಾಕೆ?

ಒಳ್ಳೆಯ ಪ್ರಶ್ನೆ. ಚಿಕ್ಕದಾಗಿ ಉತ್ತರಿಸಲು ಮನಸ್ಸಾಗಲಿಲ್ಲ.

ಮೊದಲು ಆ ಸುತ್ತಾಟದ ವಿಷಯ. ಫ್ಲಾರಿಡಾದ ಡೇಟೋನಾ ಟ್ರ್ಯಾಕ್‌ನ ಒಂದು ಸುತ್ತು 2.5 ಮೈಲಿ. ತಿರುವುಗಳಲ್ಲಿ ರಸ್ತೆ 31 ಡಿಗ್ರಿ ವಾಲಿಕೊಂಡಿದೆ. ಅಂಥ ಕಡೆ ನಡೆದು ಹತ್ತುವುದೇ ಕಷ್ಟ, ಅಲ್ವಾ? ಆ ವೇಗದಲ್ಲಿ ಎಂಜಿನ್‌ಗಿಂತ ಜಾಸ್ತಿ ಕಾಡುವುದು ಗಾಳಿ. ಒಂದು ಕಾರಿನ ಬೆನ್ನಿಗೆ ಇನ್ನೊಂದು ಅಂಟಿಕೊಂಡು ಓಡಿದರೆ ಹಿಂದಿನದಕ್ಕೆ ಗಾಳಿಯ ತಡೆ ಕಡಿಮೆ. ಮುಂದಿನ ಕಾರಿಗೂ ಅದರಿಂದ ಲಾಭ. ಎರಡೂ ಸೇರಿದರೆ ಒಂಟಿ ಕಾರಿಗಿಂತ ಜೋರಾಗಿ ಓಡುತ್ತವೆ. ಹಾಗಾಗಿ ಗೆಲ್ಲಬೇಕಾದರೆ ಎದುರಾಳಿಯ ಜೊತೆಗೇ ಕೂಡಿಕೊಳ್ಳಬೇಕು. ಯಾವ ಸುತ್ತಿನಲ್ಲಿ ಅವರನ್ನು ಬಿಟ್ಟು ಹೊರಬರಬೇಕು ಅನ್ನುವುದೇ ಆಟ. ಇನ್ನೊಮ್ಮೆ ಹೋದಾಗ ಮೊದಲ ಕಾರನ್ನು ಬಿಟ್ಟು ಮೂರು ನಾಲ್ಕನೆಯವರ ಮೇಲೆ ಕಣ್ಣಿಡಿ.

ಈ ತಂತ್ರ ಕಂಡುಕೊಂಡ ಹೆಸರು ಜೂನಿಯರ್ ಜಾನ್ಸನ್ ಅವರದು. 1960ರಲ್ಲಿ ಅದೇ ಟ್ರ್ಯಾಕ್‌ನ ಡೇಟೋನಾ 500 ಅನ್ನುವ ದೊಡ್ಡ ರೇಸ್‌ಗೆ ಬಂದಾಗ ಅವರ ಷೆವರ್ಲೆ ಕಾರಿಗೆ ಪಾಂಟಿಯಾಕ್ ಕಂಪನಿಯ ಕಾರುಗಳ ವೇಗ ಇರಲಿಲ್ಲ. ಅಭ್ಯಾಸದ ವೇಳೆ ಒಂದು ಪಾಂಟಿಯಾಕ್‌ನ ಬೆನ್ನಿಗೆ ಬಿದ್ದಾಗ ಮಾತ್ರ ತಮ್ಮ ಕಾರೂ ಅದೇ ವೇಗದಲ್ಲಿ ಹೋಗುವುದು ಅವರ ಗಮನಕ್ಕೆ ಬಂತು. ರೇಸ್‌ನಲ್ಲೂ ಅದನ್ನೇ ಮಾಡಿದರು, ಗೆದ್ದರು. ನೀವು ಕೇಳಿದ ಜೈಲುಹಕ್ಕಿಯೂ ಇವರೇ.

ಜಾನ್ಸನ್ ನಾರ್ತ್ ಕೆರೊಲಿನಾದ ವಿಲ್ಕ್ಸ್ ಕೌಂಟಿಯವರು. ಬಡತನದ ಗುಡ್ಡಗಾಡು. ಅಪ್ಪನ ಭಟ್ಟಿಯ ಸಾರಾಯಿಯನ್ನು ರಾತ್ರಿ ಹೊತ್ತು ಪೊಲೀಸರ ಕಣ್ಣು ತಪ್ಪಿಸಿ ಸಾಗಿಸುವುದೇ ಹೊಟ್ಟೆಪಾಡು. ನೋಡಲು ಮಾಮೂಲಿ ಕಾರು, ಒಳಗೆ ಜೋರಾದ ಎಂಜಿನ್, ಭಾರ ಹೊರಲು ಗಟ್ಟಿ ಸ್ಪ್ರಿಂಗ್. ರಸ್ತೆಯಲ್ಲಿ ಅವರನ್ನು ಹಿಡಿಯಲು ಯಾರಿಗೂ ಆಗಲಿಲ್ಲ. 1956ರಲ್ಲಿ ಸಿಕ್ಕಿಬಿದ್ದದ್ದು ಭಟ್ಟಿಯ ಹತ್ತಿರ. ಹನ್ನೊಂದು ತಿಂಗಳು ಜೈಲಿನಲ್ಲಿದ್ದರು. ಜೈಲಿಗೆ ಮೊದಲಿನ ಗೆಲುವುಗಳೂ ಸೇರಿ ಒಟ್ಟು 50 ರೇಸ್ ಗೆದ್ದರು. 1986ರಲ್ಲಿ ಅಮೆರಿಕದ ಅಧ್ಯಕ್ಷ ರೇಗನ್, ಜಾನ್ಸನ್ ಅವರಿಗೆ ಕ್ಷಮಾದಾನ ಕೊಟ್ಟರು.

ಈ ಆಟಕ್ಕೆ ಕಳ್ಳಭಟ್ಟಿಯ ನಂಟು ಹುಟ್ಟಿನಿಂದಲೇ ಇದೆ. ನ್ಯಾಸ್ಕಾರ್ ಶುರುವಾದದ್ದು 1948ರಲ್ಲಿ. ಶೋರೂಮ್‌ನಿಂದ ಬಂದ ಹಾಗೇ ಇರಬೇಕಾದ ಕಾರುಗಳ ಮೊದಲ ರೇಸ್ 1949ರ ಜೂನ್ 19ರಂದು ನಿಮ್ಮ ಷಾರ್ಲಟ್‌ನಲ್ಲೇ ನಡೆಯಿತು. ಮೊದಲು ಗುರಿ ಮುಟ್ಟಿದವರು ಗ್ಲೆನ್ ಡನವೇ. ತಪಾಸಣೆ ಮಾಡಿದಾಗ ಅವರ ಫೋರ್ಡ್‌ನ ಹಿಂದಿನ ಸ್ಪ್ರಿಂಗ್‌ಗಳು ಸಾರಾಯಿ ಸಾಗಿಸುವವರ ಕಾರಿನ ಥರ ಬದಲಾಗಿದ್ದವು. ಗೆಲುವು ರದ್ದಾಯಿತು. ಕ್ಯಾನ್ಸಸ್‌ನಿಂದ ಬಂದಿದ್ದ ಜಿಮ್ ರೋಪರ್ ವಿಜೇತರಾದರು. ಅಂದರೆ ಕಳ್ಳಭಟ್ಟಿಯವರು ಈ ಆಟಕ್ಕೆ ಬೇಕಾಗಿದ್ದರು, ಅವರ ಕಾರಿನ ಕೈಚಳಕಕ್ಕೆ ನಿಯಮದ ತಡೆಯೂ ಇತ್ತು.

2010ರಲ್ಲಿ ಷಾರ್ಲಟ್‌ನ ಹಾಲ್ ಆಫ್ ಫೇಮ್ ತೆರೆದಾಗ ಗೌರವ ಪಡೆದ ಮೊದಲ ಐವರಲ್ಲಿ ಜಾನ್ಸನ್ ಒಬ್ಬರು. ಅಲ್ಲಿ ಒಂದು ಸಾರಾಯಿ ಭಟ್ಟಿಯನ್ನೇ ಪ್ರದರ್ಶನಕ್ಕಿಟ್ಟಿದ್ದಾರೆ. ಅದನ್ನು ಜೋಡಿಸಿ ಕೊಟ್ಟವರು ಸ್ವತಃ ಜಾನ್ಸನ್. ನನಗೆ ಇದು ಬಹಳ ಹಿಡಿಸಿತು. ಹಳೆಯದನ್ನು ತೊಳೆದು ಬಿಳಿ ಮಾಡಿ, ಹೂವಿನ ಹಾರ ಹಾಕಿ ಕೂರಿಸಲಿಲ್ಲ. ಹೇಗಿದ್ದರೋ ಹಾಗೇ ಇಟ್ಟರು. ನೀವು ಕೇಳಿದ ನ್ಯಾಯದ ಮಟ್ಟಿಗೆ, ಅಲ್ಲಿ ನನಗೆ ತಕರಾರಿಲ್ಲ.

ಇನ್ನು ಮೂರು ಬೆರಳು. ಷಾರ್ಲಟ್‌ಗೆ ಹತ್ತಿರದಲ್ಲೇ ಕ್ಯಾನಾಪೊಲಿಸ್ ಅಂತ ಒಂದು ಬಟ್ಟೆ ಗಿರಣಿಯ ಊರಿದೆ. ಡೇಲ್ ಅರ್ನ್‌ಹಾರ್ಟ್ ಅಲ್ಲಿಯವರು. ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟು ಅಪ್ಪನ ಹಾದಿಯಲ್ಲೇ ರೇಸಿಗಿಳಿದರು. ಏಳು ಸಲ ಚಾಂಪಿಯನ್, 76 ಗೆಲುವು. ಕಪ್ಪು ಕಾರು, ನಂಬರ್ 3. ಆದರೆ ಡೇಟೋನಾ 500 ಮಾತ್ರ ಕೈಗೆ ಸಿಗುತ್ತಿರಲಿಲ್ಲ. 1998ರಲ್ಲಿ, ಇಪ್ಪತ್ತನೇ ಪ್ರಯತ್ನದಲ್ಲಿ ಗೆದ್ದರು. ಕಾರು ನಿಧಾನವಾಗಿ ಪಿಟ್ ರಸ್ತೆಗೆ, ಅಂದರೆ ರೇಸ್ ನಡುವೆ ಕಾರುಗಳ ರಿಪೇರಿ ನಡೆಯುವ ಪಕ್ಕದ ದಾರಿಗೆ, ಬಂದಾಗ ಎದುರಾಳಿ ತಂಡಗಳ ಹುಡುಗರೆಲ್ಲ ಸಾಲಾಗಿ ಹೊರಗೆ ನಿಂತಿದ್ದರು. ಇವರು ಕಿಟಕಿಯಿಂದ ಕೈ ಚಾಚಿದರು. ಅವರೆಲ್ಲ ಒಬ್ಬೊಬ್ಬರಾಗಿ ಕೈ ತಟ್ಟಿ ಕಳಿಸಿದರು. ಅರ್ಧ ಗಂಟೆ ಹಿಂದೆ ಇವರನ್ನು ಸೋಲಿಸಲು ಬೆವರು ಹರಿಸಿದವರೇ ಅವರು. ಗೌರವ ಅಂದರೆ ಇದು. ಗೆದ್ದ ದಿನ, ಗೆದ್ದ ಜಾಗದಲ್ಲಿ, ಮನುಷ್ಯ ಕಣ್ಣೆದುರಿಗೆ ಇರುವಾಗ.

2001ರ ಫೆಬ್ರವರಿ 18ರಂದು ಅದೇ ಡೇಟೋನಾದ ಕೊನೆಯ ಸುತ್ತಿನ ಕೊನೆಯ ತಿರುವಿನಲ್ಲಿ ಅವರ ಕಾರು ಗೋಡೆಗೆ ಬಡಿದು ಅವರು ತೀರಿಕೊಂಡರು. ಆ ವರ್ಷವಿಡೀ ಮೂರನೇ ಸುತ್ತಿಗೆ ಜನ ಎದ್ದು ನಿಂತು ಮೂರು ಬೆರಳು ಎತ್ತಿದರು. ನಿಮ್ಮ ಸಹೋದ್ಯೋಗಿ ಇನ್ನೂ ಬಿಟ್ಟಿಲ್ಲ.

ಆದರೆ ಇಲ್ಲೊಂದು ನೋವಿನ ಮಾತು ಹೇಳಲೇಬೇಕು. ಹಿಂದಿನ ವರ್ಷ, 2000ದಲ್ಲಿ, ಮೂವರು ಚಾಲಕರು ಇದೇ ಥರ ಗೋಡೆಗೆ ಬಡಿದು ಸತ್ತಿದ್ದರು. ಒಬ್ಬ ಆ್ಯಡಮ್ ಪೆಟ್ಟಿ, ಮಹಾನ್ ಚಾಲಕ ರಿಚರ್ಡ್ ಪೆಟ್ಟಿಯವರ ಮೊಮ್ಮಗ, ವಯಸ್ಸು 19. ತಲೆ, ಕತ್ತು ಕಾಯುವ ಹ್ಯಾನ್ಸ್ ಅನ್ನುವ ಸಾಧನ ಆಗಲೇ ಇತ್ತು. ಅರ್ನ್‌ಹಾರ್ಟ್ ಸೇರಿ ಅನೇಕ ಚಾಲಕರಿಗೆ ಅದು ಬೇಡವಾಗಿತ್ತು, ನ್ಯಾಸ್ಕಾರ್ ಕೂಡ ಒತ್ತಾಯ ಮಾಡಲಿಲ್ಲ. ತಲೆ, ಕತ್ತಿಗೆ ರಕ್ಷಣೆ ಕಡ್ಡಾಯವಾದದ್ದು 2001ರ ಅಕ್ಟೋಬರ್‌ನಲ್ಲಿ. ಆಮೇಲೆ ಪೆಟ್ಟು ಹೀರಿಕೊಳ್ಳುವ ಗೋಡೆಗಳೂ ಬಂದವು. ಅಲ್ಲಿಂದೀಚೆ ನ್ಯಾಸ್ಕಾರ್‌ನ ಅತಿ ದೊಡ್ಡ ಪಂದ್ಯಾವಳಿಯಾದ ಕಪ್ ಸರಣಿಯ ರೇಸ್‌ಗಳಲ್ಲಿ ಒಬ್ಬ ಚಾಲಕನೂ ಟ್ರ್ಯಾಕ್ ಮೇಲೆ ಸತ್ತಿಲ್ಲ. ಮೊದಲ ಸಾವಿಗೇ ಇದನ್ನೆಲ್ಲ ಮಾಡಬೇಕಿತ್ತು ಅಂತ ನನಗೆ ಸಂಕಟವಾಗುತ್ತದೆ.

ನಿಮ್ಮ ಪ್ರಶ್ನೆಯ ನಿಜವಾದ ಜಾಗ ಬೇರೆ ಇದೆ ಅನ್ನುವುದು ನನ್ನ ಅನಿಸಿಕೆ. ಯಾರನ್ನು ಮೆರೆಸಿದರು ಅನ್ನುವುದಕ್ಕಿಂತ ಯಾರನ್ನು ಕಾಯಿಸಿದರು ಅಂತ ಕೇಳಬೇಕು. ವೆಂಡೆಲ್ ಸ್ಕಾಟ್ ಹೆಸರು ನಿಮ್ಮ ಪತ್ರದಲ್ಲಿ ಇಲ್ಲ.

ಸ್ಕಾಟ್ ವರ್ಜೀನಿಯಾದ ಡ್ಯಾನ್‌ವಿಲ್ ಊರಿನ ಕಪ್ಪುವರ್ಣದ ಮೆಕ್ಯಾನಿಕ್. ಟ್ಯಾಕ್ಸಿ ಓಡಿಸಿದ್ದರು, ಎರಡನೇ ಮಹಾಯುದ್ಧದ ಕಾಲಕ್ಕೆ ಸೈನ್ಯದಲ್ಲಿದ್ದರು, ಕಳ್ಳಭಟ್ಟಿಯನ್ನೂ ಸಾಗಿಸಿದ್ದರು. 1952ರಲ್ಲಿ ಅಲ್ಲಿನ ರೇಸ್ ಆಯೋಜಕರು, ಜೋರಾಗಿ ಕಾರು ಓಡಿಸುವ ಕಪ್ಪು ಚಾಲಕ ಯಾರಾದರೂ ಇದ್ದಾರಾ ಅಂತ ವಿಚಾರಿಸಿದಾಗ ಇವರ ಹೆಸರು ಹೇಳಿದವರು ಪೊಲೀಸರು! ಬೆನ್ನಟ್ಟಿ ಸುಸ್ತಾದವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿರುತ್ತದೆ?

ಆಗ ಅಮೆರಿಕದ ದಕ್ಷಿಣದಲ್ಲಿ ವರ್ಣಭೇದ ಕಾನೂನಾಗಿಯೇ ಇತ್ತು. ಕೆಲವು ಟ್ರ್ಯಾಕ್‌ಗಳು ಅವರನ್ನು ಒಳಗೇ ಬಿಡಲಿಲ್ಲ. ದೊಡ್ಡ ಪ್ರಾಯೋಜಕರು ಬರಲಿಲ್ಲ. ಹಳೆಯ ಕಾರು, ಯಾರೋ ಬಳಸಿದ ಬಿಡಿಭಾಗ, ಪಿಟ್‌ನಲ್ಲಿ ಕೆಲಸಕ್ಕೆ ಸ್ವಂತ ಮಕ್ಕಳು. ರಿಪೇರಿಯೂ ಅವರದೇ, ಡ್ರೈವಿಂಗೂ ಅವರದೇ. ಹೀಗೇ 495 ರೇಸ್ ಓಡಿದರು.

1963ರ ಡಿಸೆಂಬರ್ 1. ಫ್ಲಾರಿಡಾದ ಜ್ಯಾಕ್ಸನ್‌ವಿಲ್, ಅರ್ಧ ಮೈಲಿಯ ಮಣ್ಣಿನ ಟ್ರ್ಯಾಕ್. ಸ್ಕಾಟ್ ರಿಚರ್ಡ್ ಪೆಟ್ಟಿಯವರನ್ನು ಹಿಂದಿಕ್ಕಿ ಮುಂದೆ ಹೋದರು. ಲೆಕ್ಕದ 200 ಸುತ್ತು ಮುಗಿಸಿದರು. ರೇಸ್ ಮುಗಿಯಿತೆಂದು ತೋರಿಸುವ ಬಾವುಟ ಬೀಸಲೇ ಇಲ್ಲ. ಇವರು ಸುತ್ತುತ್ತಲೇ ಇದ್ದರು. ಎರಡು ಸುತ್ತು ಹಿಂದಿದ್ದ ಬಕ್ ಬೇಕರ್ ಗುರಿ ಮುಟ್ಟಿದಾಗ ಬಾವುಟ ಬೀಸಿ, ಅವರೇ ಗೆದ್ದರೆಂದು ಸಾರಿ, ಟ್ರೋಫಿ ಕೊಟ್ಟು, ಫೋಟೊ ತೆಗೆಸಿ ಕಳಿಸಿದರು. ಜನವೆಲ್ಲ ಮನೆಗೆ ಹೋದ ಮೇಲೆ, ಗಂಟೆಗಳ ನಂತರ, ಲೆಕ್ಕ ತಪ್ಪಾಗಿತ್ತು, ಗೆದ್ದವರು ಸ್ಕಾಟ್ ಅಂತ ಒಪ್ಪಿಕೊಂಡರು. ದುಡ್ಡು ಕೊಟ್ಟರು. ಟ್ರೋಫಿ ಮಾತ್ರ ಹೊರಟುಹೋಗಿತ್ತು. ಗೆದ್ದವರಿಗೆ ಟ್ರೋಫಿಯ ಜೊತೆ ಬಿಳಿಯ ಹುಡುಗಿ ಮುತ್ತು ಕೊಡುವ ರೂಢಿ ಆಗ ಇತ್ತು. ಅಂಥ ದೃಶ್ಯ ಅಷ್ಟು ಜನರೆದುರು ನಡೆಯಬಾರದೆಂದೇ ಹೀಗೆ ಮಾಡಿದರು ಅನ್ನುವುದು ಸ್ಕಾಟ್ ಅವರ ನಂಬಿಕೆಯಾಗಿತ್ತು.

1973ರಲ್ಲಿ ಅಲಬಾಮಾದ ಟ್ಯಾಲಡೀಗಾ ಟ್ರ್ಯಾಕ್‌ನಲ್ಲಿ ದೊಡ್ಡ ಅಪಘಾತವಾಗಿ ಅವರ ರೇಸಿಂಗ್ ಜೀವನ ಹೆಚ್ಚುಕಡಿಮೆ ಮುಗಿಯಿತು. 1990ರಲ್ಲಿ ತೀರಿಕೊಂಡರು. ಹಾಲ್ ಆಫ್ ಫೇಮ್‌ಗೆ ಅವರ ಹೆಸರು ಸೇರಿದ್ದು 2015ರಲ್ಲಿ. ಆ ಗೆಲುವಿನ ಟ್ರೋಫಿ ಮನೆಯವರ ಕೈಗೆ ಬಂದದ್ದು 2021ರ ಆಗಸ್ಟ್‌ನಲ್ಲಿ. ಲೆಕ್ಕ ಹಾಕಿ: ಸುಮಾರು 58 ವರ್ಷ. ಅದೇ ವರ್ಷದ ಅಕ್ಟೋಬರ್‌ನಲ್ಲಿ ಬಬ್ಬಾ ವಾಲೇಸ್ ಟ್ಯಾಲಡೀಗಾದಲ್ಲಿ ಗೆದ್ದರು. ಸ್ಕಾಟ್ ನಂತರ ಕಪ್ ಸರಣಿಯಲ್ಲಿ ಗೆದ್ದ ಕಪ್ಪುವರ್ಣದ ಚಾಲಕ ಅವರೊಬ್ಬರೇ.

ಟ್ರೋಫಿ ಕೊಟ್ಟದ್ದು ಒಳ್ಳೆಯದೇ ಆಯಿತು. ಕೊಡದೇ ಇರುವುದಕ್ಕಿಂತ ಸಾವಿರ ಪಾಲು ಮೇಲು. ಆದರೆ ಅರ್ನ್‌ಹಾರ್ಟ್ ಅವರಿಗೆ ಪಿಟ್ ರಸ್ತೆಯಲ್ಲಿ ಸಿಕ್ಕ ಆ ಐದು ನಿಮಿಷ ಸ್ಕಾಟ್ ಅವರಿಗೆ ಸಿಗಲಿಲ್ಲ. ಅದನ್ನು ಯಾವ ಸಮಾರಂಭವೂ ತುಂಬಿಕೊಡಲಾರದು. ನಾವು ಪುಟ ಕೊಡುವುದು ಇದಕ್ಕೇ. ಗೆದ್ದವರ ಪಟ್ಟಿ ಎಲ್ಲಿ ಬೇಕಾದರೂ ಸಿಗುತ್ತದೆ. ಗೆದ್ದರೂ ಬಾವುಟ ಬೀಸದೇ ಹೋದ ಕಥೆಯನ್ನು ಯಾರಾದರೂ ಕನ್ನಡದಲ್ಲಿ ಹೇಳಬೇಕಲ್ಲ?

ನೀವು ಷಾರ್ಲಟ್‌ನಲ್ಲಿ ಇರುವುದರಿಂದ ಒಂದು ಕೋರಿಕೆ. ಒಂದು ರಜೆಯ ದಿನ ಹಾಲ್ ಆಫ್ ಫೇಮ್‌ಗೆ ಹೋಗಿ ಆ ಭಟ್ಟಿ ನೋಡಿ. ಅಲ್ಲೇ 33 ಡಿಗ್ರಿ ತನಕ ವಾಲುವ ಇಳಿಜಾರಿನ ಮೇಲೆ ಹಳೆಯ ಕಾರುಗಳನ್ನು ನಿಲ್ಲಿಸಿದ್ದಾರೆ. ತಿರುವು ಅಂದರೇನು ಅಂತ ಅಲ್ಲಿ ಗೊತ್ತಾಗುತ್ತದೆ. ಬಿಡುವಿದ್ದರೆ ಉತ್ತರಕ್ಕೆ ಗಾಡಿ ತಿರುಗಿಸಿ. ದಾರಿಯಲ್ಲಿ ಲೆವೆಲ್ ಕ್ರಾಸ್, 200 ರೇಸ್ ಗೆದ್ದ ಪೆಟ್ಟಿಯವರ ಊರು, ಅಲ್ಲಿ ಅವರ ಮ್ಯೂಸಿಯಂ ಇದೆ. ಇನ್ನೂ ಮುಂದೆ ಹೋದರೆ ಡ್ಯಾನ್‌ವಿಲ್. ಅಲ್ಲಿ ಸ್ಕಾಟ್ ಅವರ ನೆನಪಿಗೆ ವರ್ಜೀನಿಯಾ ರಾಜ್ಯ ನಿಲ್ಲಿಸಿದ ಫಲಕವಿದೆ, ಒಂದು ರಸ್ತೆಗೂ ಅವರ ಹೆಸರಿದೆ. ನೋಡಿ ಬಂದು ನಿಮಗೆ ಅನಿಸಿದ್ದನ್ನು ಬರೆದು ಕಳಿಸಿ. ನನ್ನ ಮಾತು ಒಪ್ಪದಿದ್ದರೂ ಸರಿ, ಹಾಗೇ ಅಚ್ಚು ಹಾಕುತ್ತೇವೆ. ಸಹೋದ್ಯೋಗಿಯನ್ನೂ ಕರೆದುಕೊಂಡು ಹೋಗಿ.

ವಿಶ್ವಾಸದಿಂದ,
ಸಂಪಾದಕ