ಡೆಲಿಬರೇಟ್ಲಿ ಅಂದರೆ ಬರೀ 'ಬೇಕಂತಲೇ' ಅಲ್ಲ

'ಡೆಲಿಬರೇಟ್ಲಿ' ಅಂದರೆ 'ಬೇಕಂತಲೇ' ಅಂತ ಗೊತ್ತು, ಆದರೆ 'ಶಿ ಸ್ಪೋಕ್ ಸ್ಲೋಲಿ ಆ್ಯಂಡ್ ಡೆಲಿಬರೇಟ್ಲಿ' ಅನ್ನೋ ಕಡೆ ಆ ಅರ್ಥ ಯಾಕೋ ಹೊಂದುತ್ತಿಲ್ಲ ಅಂತ ಕೇಳಿದ್ದೀರಿ. ನಿಮ್ಮ ಅನುಮಾನ ಸರಿಯಾಗಿದೆ.

ನಾನೂ ಇಲ್ಲೇ ಎಡವಿದ್ದೆ. ಒಂದು ಕತೆ ಅನುವಾದ ಮಾಡುವಾಗ ಇಂಥದ್ದೇ ಸಾಲಿಗೆ 'ಬೇಕಂತಲೇ ನಿಧಾನವಾಗಿ ಮಾತಾಡಿದಳು' ಅಂತ ಬರೆದೆ. ಮತ್ತೆ ಓದಿದಾಗ ಗಾಬರಿಯಾಯಿತು. ಎದುರಿಗಿದ್ದವರನ್ನು ಕೆಣಕಲು ರಾಗ ಎಳೆಯುತ್ತಿದ್ದಾಳೆ ಅನ್ನುವ ಹಾಗಿತ್ತು. ಕತೆಯಲ್ಲಿ ಅವಳು ಹೇಳುತ್ತಿದ್ದದ್ದು ಸಾವಿನ ಸುದ್ದಿ! ತಪ್ಪು ಮಾತು ಬರಬಾರದು ಅಂತ ಒಂದೊಂದು ಪದವನ್ನೂ ಯೋಚಿಸಿ ಆಡುತ್ತಿದ್ದಳು, ಅಷ್ಟೇ.

ಈ ಪದದ ಬೇರು ಲ್ಯಾಟಿನ್‌ನ 'ಲಿಬ್ರಾ', ಅಂದರೆ ತಕ್ಕಡಿ. ತುಲಾ ರಾಶಿಗೆ ಇಂಗ್ಲಿಷಿನಲ್ಲಿ ಲಿಬ್ರಾ ಅನ್ನೋದೂ ಅದಕ್ಕೇ. ತೂಗಿ ನೋಡಿ ಮಾಡಿದ್ದು ಡೆಲಿಬರೇಟ್. ನಮ್ಮಲ್ಲಿ 'ಅಳೆದು ತೂಗಿ ಮಾತಾಡು' ಅಂತೀವಲ್ವಾ, ಅದೇ! ನಿಮ್ಮ ವಾಕ್ಯಕ್ಕೆ 'ನಿಧಾನವಾಗಿ, ಅಳೆದು ತೂಗಿ ಮಾತಾಡಿದಳು' ಅಂದರೆ ಸಾಕು.

ಯಾವ ಅರ್ಥ ಅಂತ ಗುರುತಿಸೋಕೆ ಪದ ಕೂತಿರುವ ಜಾಗ ನೋಡಿ. 'ಹಿ ಡೆಲಿಬರೇಟ್ಲಿ ಇಗ್ನೋರ್ಡ್ ಮಿ' ಅಂತ ಕ್ರಿಯಾಪದದ ಮುಂಚೆ ಬಂದರೆ ಸಾಮಾನ್ಯವಾಗಿ 'ಬೇಕಂತಲೇ'. ನಡೆಯೋದು, ಮಾತಾಡೋದು ಇಂಥ ಕ್ರಿಯೆಯ ನಂತರ, ಅದರಲ್ಲೂ ಸ್ಲೋಲಿ ಜೊತೆ ಬಂದರೆ ಹೆಚ್ಚಾಗಿ 'ಅಳೆದು ತೂಗಿ'.

ಮೊದಲ ಅರ್ಥದಲ್ಲೂ ಸ್ವಲ್ಪ ಎಚ್ಚರ ಬೇಕು. ನಮ್ಮ 'ಬೇಕಂತಲೇ'ಯಲ್ಲಿ ಸಾಮಾನ್ಯವಾಗಿ ಒಂದು ದೂರು ಇರುತ್ತದೆ. 'ಬೇಕಂತಲೇ ತಳ್ಳಿದ' ಅಂದರೆ ಜಗಳ ಶುರು. ಇಂಗ್ಲಿಷ್ ಪದ ಕೆಟ್ಟ ಕೆಲಸಕ್ಕೆ ಜಾಸ್ತಿ ಬರುತ್ತದೆ ನಿಜ, ಆದರೆ ಅದಕ್ಕೇ ಮೀಸಲಲ್ಲ. ಚಿತ್ರಕಾರರು ಹಾಳೆಯ ಒಂದು ಮೂಲೆಯನ್ನು ಡೆಲಿಬರೇಟ್ಲಿ ಖಾಲಿ ಬಿಟ್ಟರು ಅನ್ನುವಾಗ ಯಾರ ಮೇಲೂ ದೂರಿಲ್ಲ. ಅಲ್ಲಿ ನಾನು 'ಯೋಚಿಸಿಯೇ ಖಾಲಿ ಬಿಟ್ಟರು' ಅಂತ ಬರೆಯುತ್ತೇನೆ.

'ಆನ್ ಪರ್ಪಸ್' ಕೂಡ 'ಬೇಕಂತಲೇ', ಮಾತಿನಲ್ಲಿ ಅದೇ ಹಗುರ. 'ಪರ್ಪಸ್‌ಫುಲಿ' ಮಾತ್ರ ಬೇರೆ: ಗುರಿ ಇಟ್ಟುಕೊಂಡು, ಗಟ್ಟಿ ಮನಸ್ಸಿನಿಂದ ಅಂತ.

ಇನ್ನು ಉಚ್ಚಾರ. ನಾವು 'ರೇಟ್' ಅಂತ ಎಳೆದು ಬರೆದರೂ, ಆ ಎಳೆತ ಇರೋದು 'ಚರ್ಚಿಸು' ಅನ್ನುವ ಅರ್ಥದ ಕ್ರಿಯಾಪದದಲ್ಲಿ ಮಾತ್ರ. ನೀವು ಕೇಳಿದ ಪದವನ್ನು 'ಡಿಲಿಬರಟ್ಲಿ' ಅಂತ, ಮೊದಲ 'ಲಿ' ಮೇಲೆ ಒತ್ತು ಕೊಟ್ಟು ಹೇಳಿ.