ಎಳ್ಳಮಾಸಿ ಚರಗ: ಮನೆ ತುಂಬ ಮಂದಿ, ಓದುಗರ ಪ್ರಶ್ನೆಗಳು

ಪ್ರಶ್ನೆ: ಎಳ್ಳಮಾಸಿಗೆ ಈ ಸಲ ಕುಷ್ಟಗಿ ಹತ್ತಿರ ದೊಡ್ಡಪ್ಪನ ಮನೆಯಲ್ಲಿ ಸೇರುತ್ತಿದ್ದೇವೆ. ದೊಡ್ಡವರು 22, ಮಕ್ಕಳು 8. ಹಿಂದಿನ ಸಂಜೆ ಹೋಗಿ ಅಮಾಸಿ ಮರುದಿನ ಮುಂಜಾನೆ ಉಂಡು ಬರುವುದು. ದೊಡ್ಡವ್ವನಿಗೆ ಮೊಣಕಾಲು ನೋವು, ಅತ್ತಿಗೆ ಒಬ್ಬರೇ. ಏನು ಮಾಡಿಕೊಂಡು ಹೋದರೆ ಅವರಿಗೆ ಹಗುರ?
– ಗೃಹಿಣಿ, ಗಂಗಾವತಿ

ಉತ್ತರ: ರೊಟ್ಟಿ ಮತ್ತು ಶೇಂಗಾ ಹೋಳಿಗೆ. ಇವೆರಡನ್ನು ನೀವು ಒಪ್ಪಿಕೊಂಡರೆ ಅತ್ತಿಗೆಯ ಅರ್ಧ ಕೆಲಸ ಇಳಿಯುತ್ತದೆ. ಹೊಲಕ್ಕೆ ಬುತ್ತಿ ಒಯ್ದು ಪೂಜೆ ಮಾಡಿ ನೈವೇದ್ಯ ಚೆಲ್ಲುವ ಚರಗದ ದಿನ ನಸುಕಿನಲ್ಲೆದ್ದು ಇಷ್ಟು ಮಂದಿಗೆ ರೊಟ್ಟಿ ಬಡಿಯುವುದು ಒಬ್ಬರಿಂದ ಆಗುವ ಮಾತಲ್ಲ.

ಮೂರು ಊಟಕ್ಕೆ ದೊಡ್ಡವರಿಗೆ ತಲಾ ಆರು, ಮಕ್ಕಳಿಗೆ ಮೂರು ಹಿಡಿಯಿರಿ. 156 ಆಯಿತು. ತೆಳ್ಳಗೆ ಬಡಿದರೆ ಕಿಲೋ ಹಿಟ್ಟಿಗೆ 18ರ ಸುಮಾರು ರೊಟ್ಟಿ ಬರುತ್ತವೆ. ಜೋಳ 5 ಕಿಲೋ, ಸಜ್ಜಿ 4 ಕಿಲೋ ಸಾಕು. ಸಜ್ಜಿಯನ್ನು ರೊಟ್ಟಿ ಮಾಡುವ ಹಿಂದಿನ ದಿನವೇ ಗಿರಣಿಗೆ ಹಾಕಿಸಿ. ಸಜ್ಜಿಯಲ್ಲಿ ಎಣ್ಣೆಯಂಶ ಜಾಸ್ತಿ, ಬೀಸಿದ ಹಿಟ್ಟು ಬಹುದಿನ ಇಟ್ಟರೆ ಕಹಿಯಾಗುತ್ತದೆ. ಆ ಕಹಿ ಎಳ್ಳು ಹಚ್ಚಿದರೂ ಹೋಗುವುದಿಲ್ಲ.

ರೊಟ್ಟಿಯ ಅಂಚು ಸೀಳುವುದು ಎಸರು ಸಾಕಷ್ಟು ಕಾಯದೆ ಇದ್ದಾಗ. ಜೋಳ, ಸಜ್ಜಿಗೆ ಗೋಧಿಯ ಜಿಗುಟಿಲ್ಲ. ಕುದಿಯುವ ನೀರು ಬಿದ್ದಾಗಲೇ ಹಿಟ್ಟು ಹಿಡಿದುಕೊಳ್ಳುವುದು. ಕಲಸಿದ್ದು ಆರಿದರೂ ಸೀಳುತ್ತದೆ, ಆದ್ದರಿಂದ ಒಂದು ಸಲಕ್ಕೆ ಮೂರು ನಾಲ್ಕು ರೊಟ್ಟಿಗಾಗುವಷ್ಟೇ ನಾದಿ. ಕಟಕ್ ಆಗಬೇಕಾದರೆ ಎರಡೂ ಮಗ್ಗಲು ಬೆಂದ ಮೇಲೆ ಸಣ್ಣ ಉರಿಯಲ್ಲಿ ಬಟ್ಟೆಯಿಂದ ಒತ್ತುತ್ತಾ ನೀರಿನಂಶ ಹೋಗಲು ಬಿಡಿ, ಇಲ್ಲವೆ ಒಲೆಯ ಪಕ್ಕ ಒರಗಿಸಿ ನಿಲ್ಲಿಸಿ. ಪೂರ್ತಿ ಆರುವ ಮೊದಲೇ ಒಂದರ ಮೇಲೊಂದು ಒಟ್ಟಿದರೆ ನಡುವಿನವು ಬೆವರಿ ಮೆತ್ತಗಾಗಿ ಬೂಸ್ಟು ಹಿಡಿಯುತ್ತವೆ. ಬಿದಿರಿನ ಬುಟ್ಟಿಯಲ್ಲಿ ಧೋತರದ ಬಟ್ಟೆ ಹಾಸಿ ಇಡಿ, ಪ್ಲಾಸ್ಟಿಕ್ ಚೀಲ ಬೇಡ. ಕೊಪ್ಪಳದ ಗವಿಮಠದ ಜಾತ್ರೆಯ ದಾಸೋಹಕ್ಕೆ ಹಳ್ಳಿಹಳ್ಳಿಯಿಂದ ರೊಟ್ಟಿ ಹೋಗುವ ಸೀಮೆ ನಮ್ಮದು. ಓಣಿಯಲ್ಲಿ ಕೈ ಪಳಗಿದವರು ಇದ್ದೇ ಇರುತ್ತಾರೆ, ಕರೆಯಲು ಸಂಕೋಚ ಬೇಡ.

ಶೇಂಗಾ ಹೋಳಿಗೆಗೆ ಹುರಿದು ಸಿಪ್ಪೆ ತೆಗೆದ ಶೇಂಗಾ 1 ಕಿಲೋ, ಬೆಲ್ಲ 800 ಗ್ರಾಂ, ಹುರಿದ ಎಳ್ಳು 100 ಗ್ರಾಂ. 45ರ ಸುಮಾರು ಆಗುತ್ತವೆ. ಶೇಂಗಾ ಪೂರ್ತಿ ಆರಿದ ಮೇಲೆಯೇ ಮಿಕ್ಸಿಗೆ ಹಾಕಿ, ಬಿಟ್ಟು ಬಿಟ್ಟು ತಿರುಗಿಸಿ. ಬಿಸಿಯಿದ್ದಾಗ ಅಥವಾ ಬಹಳ ಹೊತ್ತು ತಿರುಗಿಸಿದರೆ ಎಣ್ಣೆ ಬಿಟ್ಟು ಗಂಟಾಗಿ, ಲಟ್ಟಿಸುವಾಗ ಕಣಕ ಹರಿಯುತ್ತದೆ. ಆರಿಸಿ ಡಬ್ಬಿಗೆ ಹಾಕಿದರೆ ಒಂದು ವಾರ ಏನೂ ಆಗುವುದಿಲ್ಲ.

ಪ್ರಶ್ನೆ: ಕಡಲೆಬೇಳೆ ಹೂರಣ ಪ್ರತಿ ಸಲವೂ ನೀರಾಗುತ್ತದೆ. ಮಂದಿ ಸೇರಿದಾಗಲೇ ಹೀಗಾಗಿ ಮುಖ ಬಾಡುತ್ತದೆ. ತಪ್ಪೆಲ್ಲಿ?
– ಓದುಗರು, ಸಿರುಗುಪ್ಪ

ಉತ್ತರ: ಬಸಿಯುವುದರಲ್ಲಿ. ಬೇಳೆ ಬೆರಳಲ್ಲಿ ಒತ್ತಿದರೆ ಹಿಟ್ಟಾಗಬೇಕು, ಆದರೆ ಕಾಳಿನ ಆಕಾರ ಬಿಟ್ಟಿರಬಾರದು. ಕುಕ್ಕರಿನಲ್ಲಿ ಸೀಟಿ ಹೆಚ್ಚಾದರೆ ಬೇಳೆ ಕರಗಿ ಕಟ್ಟಿನೊಳಗೇ ಸೇರುತ್ತದೆ, ಆಮೇಲೆ ಎಷ್ಟು ಬಸಿದರೂ ನೀರು ಹೋಗದು. ದೊಡ್ಡ ಪ್ರಮಾಣಕ್ಕೆ ತೆರೆದ ಪಾತ್ರೆಯೇ ವಾಸಿ, ಬೇಳೆ ಕಣ್ಣೆದುರಿಗೇ ಇರುತ್ತದೆ. ಜರಡಿಯಲ್ಲಿ 15 ನಿಮಿಷ ಬಿಡಿ, ಕಟ್ಟು ಸಾರಿಗೆ ಎತ್ತಿಡಿ. ಕಿಲೋ ಬೇಳೆಗೆ 800 ಗ್ರಾಂ ಬೆಲ್ಲ. ಬೇಳೆ ಬೇಯುವ ಮೊದಲು ಬೆಲ್ಲ ಬಿದ್ದರೆ ಕಾಳು ಗಟ್ಟಿಯಾಗಿಯೇ ಉಳಿಯುತ್ತದೆ. ಬೆಲ್ಲ ಕರಗಿದಾಗ ಮತ್ತೆ ನೀರು ಬಿಡುತ್ತದೆ, ಆಗ ಗಾಬರಿಯಾಗದೆ ಚಮಚ ನೆಟ್ಟಗೆ ನಿಲ್ಲುವವರೆಗೂ ಕೈಯಾಡಿಸಿ. ಆಮೇಲೆ ಬಿಸಿ ಇರುವಾಗಲೇ ರುಬ್ಬಿ. ಈಗಾಗಲೇ ನೀರಾಗಿದ್ದರೆ ಅಗಲ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಮತ್ತೆ ಇಂಗಿಸಿ. ಹಿಟ್ಟು ಬೆರೆಸಿ ಗಟ್ಟಿ ಮಾಡಬೇಡಿ, ಹಸಿ ವಾಸನೆ ಬರುತ್ತದೆ.

ಪ್ರಶ್ನೆ: ಚರಗಕ್ಕೆ ಒಯ್ದ ಅನ್ನ, ಪಲ್ಯ ಊಟದ ಹೊತ್ತಿಗೆ ಹುಳಿಯಾಗುತ್ತವೆ. ಏನು ಮಾಡಬೇಕು?
– ಓದುಗರು, ಲಿಂಗಸುಗೂರು

ಉತ್ತರ: ಬಿಸಿಬಿಸಿ ತುಂಬಿ ಮುಚ್ಚುವುದೇ ಕಾರಣ. ಅನ್ನವನ್ನು ಅಗಲ ಪರಾತಕ್ಕೆ ಹರವಿ ಹಬೆ ಹೋದ ಮೇಲೆ ಕಲಸಿ. ಮೊಸರನ್ನಕ್ಕೆ ಮುಂಜಾನೆ ಕಾಸಿ ಆರಿಸಿದ ಹಾಲು ಹೆಚ್ಚು, ಮೊಸರು ಎರಡು ಚಮಚ ಹಾಕಿದರೆ ಮಧ್ಯಾಹ್ನಕ್ಕೆ ಹದವಾಗಿ ಹೆಪ್ಪಾಗಿರುತ್ತದೆ. ಹಸಿ ತೊಗರಿ, ಅವರೆ, ಮೆಂತ್ಯ ಹಾಕಿದ ಭಜ್ಜಿ ಪಲ್ಯವನ್ನು ಹೊರಡುವ ಮೊದಲು ಚೆನ್ನಾಗಿ ಕುದಿಸಿ, ಕಾಯಿ ತುರಿ ಹಾಕಬೇಡಿ. ಬುತ್ತಿ ಬನ್ನಿಗಿಡದ ನೆರಳಿಗಿರಲಿ, ಟ್ರ್ಯಾಕ್ಟರ್ ಟ್ರಾಲಿಯ ಬಿಸಿಲಲ್ಲಿ ಬೇಡ. ಹೊಲದಲ್ಲಿ ಪಾಂಡವರೆಂದು ಇಟ್ಟ ಕಲ್ಲುಗಳಿಗೆ ಪೂಜೆ ಮಾಡಿ ಹೊಲಕ್ಕೆ ಚರಗ ಚೆಲ್ಲುವ ಹೊತ್ತಿಗೆ ಮಧ್ಯಾಹ್ನ ಒಂದು ಗಂಟೆ ದಾಟುತ್ತದೆ, ಅದನ್ನು ಲೆಕ್ಕ ಹಿಡಿದೇ ಅಡುಗೆ ಇಳಿಸಿ.

ಪ್ರಶ್ನೆ: ಮಾವನವರಿಗೆ ಸಕ್ಕರೆ ಕಾಯಿಲೆ, ಇನ್ಸುಲಿನ್ ಇದೆ. ನೆಂಟರ ಮನೆಯಲ್ಲಿ ಹೋಳಿಗೆ ಬೇಡವೆಂದರೆ ಬೇಸರ.
– ಸೊಸೆ, ಮಾನ್ವಿ

ಉತ್ತರ: ಹೋಳಿಗೆಗಿಂತ ಮೊದಲು ಊಟ ತಡವಾಗುವುದರ ಬಗ್ಗೆ ಯೋಚಿಸಿ. ಮುಂಜಾನೆ ಇನ್ಸುಲಿನ್ ತೆಗೆದುಕೊಂಡವರು ಪೂಜೆ ಮುಗಿಯಲೆಂದು ಕಾಯ್ದರೆ ಸಕ್ಕರೆ ಇಳಿದು ಕೈ ನಡುಗಿ ಬೆವರುತ್ತಾರೆ. ಅವರ ವೇಳೆಗೆ ಬುತ್ತಿ ಬಿಚ್ಚಿ ಉಣ್ಣಿಸಿ, ಹಿರಿಯರಿಗೆ ಮುಂಚೆಯೇ ತಿಳಿಸಿದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಜೇಬಿನಲ್ಲಿ ಗ್ಲೂಕೋಸ್ ಪುಡಿ ಇರಲಿ. ಹೋಳಿಗೆ ಅರ್ಧ, ಆ ಊಟಕ್ಕೆ ಅನ್ನ ಬಿಡಲಿ. ಡೋಸ್ ಬದಲಾವಣೆ ಮಾತ್ರ ವೈದ್ಯರನ್ನು ಕೇಳಿಯೇ.

ಪ್ರಶ್ನೆ: ಹಬ್ಬಕ್ಕೆ ಕಾಕಾನ ಮನೆಯಲ್ಲಿ 30 ಮಂದಿ ಸೇರುತ್ತೇವೆ. ಖರ್ಚು ಹಂಚಿಕೊಳ್ಳೋಣವೆಂದರೆ ಕಾಕಾ ಬೇಡ ಅಂತಾರೆ. ನೀರಿಗೂ ಅವರಿಗೆ ತ್ರಾಸು.
– ಓದುಗರು, ಯಲಬುರ್ಗಾ

ಉತ್ತರ: ರೊಕ್ಕ ಕೈಗೆ ಕೊಡಬೇಡಿ, ಹಿರಿಯರಿಗೆ ಅದು ಸಣ್ಣತನ ಅನಿಸುತ್ತದೆ. ಚಿಗವ್ವನ ಹತ್ತಿರ ಕಿರಾಣಿ ಚೀಟಿ ತರಿಸಿಕೊಂಡು ಅಣ್ಣತಮ್ಮಂದಿರು ಹಂಚಿಕೊಂಡು ಸಾಮಾನು ಒಯ್ಯಿರಿ: ಒಬ್ಬರು ಎಣ್ಣೆ, ಬೆಲ್ಲ, ಒಬ್ಬರು ಅಕ್ಕಿ, ಬೇಳೆ, ಒಬ್ಬರು ಗ್ಯಾಸ್ ಸಿಲಿಂಡರ್. ಹೆಣ್ಣುಮಕ್ಕಳಿಗೆ ಉಡಿ ತುಂಬುವ ಕುಬಸ, ಕೊಬ್ಬರಿ ಮಾತ್ರ ಆ ಮನೆಯದೇ ಇರಲಿ, ಅದು ಅವರ ಹಕ್ಕು.

ಕುಡಿಯಲು ದಿನಕ್ಕೆ ತಲಾ 3 ಲೀಟರ್ ಎಂದರೆ 30 ಮಂದಿಗೆ 90, ಅಂದರೆ 20 ಲೀಟರಿನ ಐದು ಕ್ಯಾನ್. ನಿಮ್ಮ ಭಾಗದ ಅನೇಕ ಬೋರುಗಳ ನೀರಿನಲ್ಲಿ ಫ್ಲೋರೈಡ್ ಇದೆ, ಆದ್ದರಿಂದ ಶುದ್ಧ ನೀರಿನ ಘಟಕದಿಂದ ತನ್ನಿ. ಸ್ನಾನ, ಸಂಡಾಸಕ್ಕೆ ತಲಾ 40 ಲೀಟರ್, ಒಟ್ಟು 1,200. ಮನೆಯ ಸಿಂಟೆಕ್ಸ್ 500 ಲೀಟರಿನದಾದರೆ ಹಿಂದಿನ ದಿನವೇ ಡ್ರಮ್ಮುಗಳಲ್ಲಿ ಇನ್ನೊಂದು 700 ತುಂಬಿರಬೇಕು. ನಳ ಎಂದು ಬರುತ್ತದೆಂದು ಕಾಕಾನನ್ನು ಕೇಳಿಟ್ಟುಕೊಳ್ಳಿ. ತುಂಬುವ ಕೆಲಸ, ಉಂಡ ಮೇಲೆ ಪಾತ್ರೆ ತಿಕ್ಕುವ ಕೆಲಸ ಗಂಡಸರದು. ಇದನ್ನು ಹೊರಡುವ ಮೊದಲೇ ಹೆಸರು ಹಿಡಿದು ಹಂಚಿ. ಅಲ್ಲಿ ಹೋಗಿ ನೋಡೋಣ ಅಂದರೆ ಅದು ಮತ್ತೆ ಚಿಗವ್ವನ ತಲೆಗೇ ಬರುತ್ತದೆ.